ಸಣ್ಣ ಉದ್ಯಮದ ಕೈಗೆ ಇಂಧನ ಸಂಶೋಧನೆ: ಅಮೆರಿಕದ ಎಸ್‌ಬಿಐಆರ್ ಯೋಜನೆಯ ಒಳಹೊರಗು

ಹೊಸ ಬಗೆಯ ಬ್ಯಾಟರಿ, ಅಣುಸ್ಥಾವರದ ಒಳಗಿನ ಬಿಸಿಯನ್ನು ತಾಳಿಕೊಳ್ಳುವ ಸಂವೇದಕ, ನೀರಿನಿಂದ ಜಲಜನಕವನ್ನು ಬೇರ್ಪಡಿಸುವ ಯಂತ್ರ. ಇಂತಹವುಗಳ ಮೊದಲ ಪ್ರಯೋಗಕ್ಕೆ ಹಣ ಹಾಕುವವರು ಯಾರು? ಬ್ಯಾಂಕಿಗೆ ಅಡಮಾನ ಬೇಕು. ಹೂಡಿಕೆದಾರನಿಗೆ ಐದಾರು ವರ್ಷಗಳಲ್ಲಿ ಲಾಭ ಕೈಸೇರಬೇಕು. ದೊಡ್ಡ ಕಂಪನಿಗೆ ತನ್ನ ಹಳೆಯ ಸರಕೇ ಇನ್ನೂ ಚೆನ್ನಾಗಿ ಮಾರಾಟವಾಗುತ್ತಿರುತ್ತದೆ. ಹೀಗೆ ಎಲ್ಲರೂ ಕೈಚೆಲ್ಲುವ ಹೊತ್ತಿನಲ್ಲಿ ಸರ್ಕಾರವೇ ಮುಂದೆ ಬಂದು, ಹತ್ತಿಪ್ಪತ್ತು ಮಂದಿಯ ಪುಟ್ಟ ಕಂಪನಿಗೆ ಹಣ ಕೊಟ್ಟು, ಪಾಲನ್ನೂ ಕೇಳದೆ, ಮರುಪಾವತಿಯನ್ನೂ ಬಯಸದೆ ‘ಪ್ರಯತ್ನಿಸಿ ನೋಡಿ’ ಎನ್ನುವ ವ್ಯವಸ್ಥೆಯೊಂದನ್ನು ಅಮೆರಿಕ 1982ರಲ್ಲಿ ರೂಪಿಸಿತು. ಅದರ ಹೆಸರು ಸ್ಮಾಲ್ ಬಿಸಿನೆಸ್ ಇನ್ನೋವೇಷನ್ ರಿಸರ್ಚ್. ಚಿಕ್ಕದಾಗಿ ಎಸ್‌ಬಿಐಆರ್.

ಕ್ವಾಲ್‌ಕಾಮ್, ಸಿಮ್ಯಾಂಟೆಕ್‌ನಂತಹ ಕಂಪನಿಗಳು ತಮ್ಮ ಎಳೆಯ ದಿನಗಳಲ್ಲಿ ಈ ಯೋಜನೆಯ ನೆರವು ಪಡೆದಿದ್ದವು ಎಂಬುದನ್ನು ಅದರ ಬೆಂಬಲಿಗರು ಸದಾ ಉದಾಹರಿಸುತ್ತಾರೆ. ಆದರೆ ಚಿಪ್ ಮತ್ತು ಸಾಫ್ಟ್‌ವೇರ್‌ಗಳ ಕಥೆ ಬೇರೆ, ಇಂಧನದ ಕಥೆ ಬೇರೆ. ಇದೇ ಹಣ, ಇದೇ ನಿಯಮ ಇಂಧನ ತಂತ್ರಜ್ಞಾನದ ಅಂಗಳಕ್ಕೆ ಬಂದಾಗ ಏನಾಯಿತು ಎಂಬುದರಲ್ಲಿ ಸರ್ಕಾರಿ ಅನುದಾನದ ಶಕ್ತಿಯೂ ಇದೆ, ಮಿತಿಯೂ ಇದೆ.

ಹುಟ್ಟಿದ ಬಗೆ

1973 ಮತ್ತು 1979ರ ತೈಲ ಬಿಕ್ಕಟ್ಟುಗಳು ಅಮೆರಿಕದ ಆತ್ಮವಿಶ್ವಾಸವನ್ನು ಅಲುಗಾಡಿಸಿದ್ದವು. ಜಿಮ್ಮಿ ಕಾರ್ಟರ್ ಅಧ್ಯಕ್ಷರಾಗಿದ್ದಾಗ 1977ರಲ್ಲಿ ಇಂಧನ ಇಲಾಖೆ ಪ್ರತ್ಯೇಕವಾಗಿ ಸ್ಥಾಪನೆಯಾಯಿತು. ಅದೇ ವರ್ಷ ನ್ಯಾಷನಲ್ ಸೈನ್ಸ್ ಫೌಂಡೇಷನ್ನಿನ ಅಧಿಕಾರಿ ರೋಲಂಡ್ ಟಿಬೆಟ್ಸ್ ಸಣ್ಣ ಕಂಪನಿಗಳ ಸಂಶೋಧನೆಗೆ ಹಂತಹಂತವಾಗಿ ಹಣ ನೀಡುವ ಪ್ರಯೋಗವೊಂದನ್ನು ತಮ್ಮ ಸಂಸ್ಥೆಯೊಳಗೆ ಆರಂಭಿಸಿದರು. ಮೊದಲು ಚಿಕ್ಕ ಮೊತ್ತ ಕೊಟ್ಟು ಕಲ್ಪನೆಯನ್ನು ಪರೀಕ್ಷಿಸುವುದು, ಗೆದ್ದವರಿಗೆ ಮಾತ್ರ ದೊಡ್ಡ ಮೊತ್ತ ಕೊಡುವುದು ಅವರ ಸೂತ್ರ. ಸರಳವಾದ ಈ ಸೂತ್ರವೇ ಮುಂದೆ ಇಡೀ ದೇಶದ ಕಾಯಿದೆಯಾಯಿತು.

1982ರ ಜುಲೈ 22ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ಸಹಿ ಹಾಕಿದ ಕಾಯಿದೆಯ ಪ್ರಕಾರ, ಹೊರಗಿನವರಿಂದ ಸಂಶೋಧನೆ ಮಾಡಿಸಲು ವರ್ಷಕ್ಕೆ 10 ಕೋಟಿ ಡಾಲರ್‌ಗಿಂತ ಹೆಚ್ಚು ವೆಚ್ಚ ಮಾಡುವ ಪ್ರತಿಯೊಂದು ಕೇಂದ್ರ ಇಲಾಖೆಯೂ ಆ ವೆಚ್ಚದ ಒಂದು ಪಾಲನ್ನು ಸಣ್ಣ ಉದ್ಯಮಗಳಿಗಾಗಿ ಎತ್ತಿಡಬೇಕಾಯಿತು. ಹೊಸ ತೆರಿಗೆಯೂ ಇಲ್ಲ, ಹೊಸ ನಿಧಿಯೂ ಇಲ್ಲ. ಇದ್ದ ಗಂಟಿನಲ್ಲೇ ಒಂದು ಪಾಲು. ವಿಶ್ವವಿದ್ಯಾಲಯಗಳು ವಿರೋಧಿಸಿದ್ದೂ ಇದೇ ಕಾರಣಕ್ಕೆ. ತಮ್ಮ ತಟ್ಟೆಯ ತುತ್ತನ್ನು ಕಿತ್ತು ಇನ್ನೊಬ್ಬರಿಗೆ ಬಡಿಸಲಾಗುತ್ತಿದೆ ಎಂಬುದು ಅವುಗಳ ದೂರಾಗಿತ್ತು. ಆರಂಭದಲ್ಲಿ ಪಾಲು ಶೇ 0.2 ಇತ್ತು, ಕೆಲವೇ ವರ್ಷಗಳಲ್ಲಿ ಶೇ 1.25 ಆಯಿತು. 1992ರ ಕಾಯಿದೆ ಅದನ್ನು ಶೇ 2.5ಕ್ಕೆ ಏರಿಸುವ ದಾರಿ ಮಾಡಿತು. 2011ರ ಕೊನೆಯಲ್ಲಿ ಅಂಗೀಕಾರವಾದ ತಿದ್ದುಪಡಿಯಂತೆ 2017ರ ಹಣಕಾಸು ವರ್ಷದ ಹೊತ್ತಿಗೆ ಶೇ 3.2 ತಲುಪಿತು.

ವಿಶ್ವವಿದ್ಯಾಲಯಗಳ ಮುನಿಸನ್ನು ತಕ್ಕಮಟ್ಟಿಗೆ ತಣಿಸಿದ್ದು 1992ರಲ್ಲಿ ಬಂದ ತಂಗಿ ಯೋಜನೆ ಎಸ್‌ಟಿಟಿಆರ್. ಇದರಲ್ಲಿ ಸಣ್ಣ ಕಂಪನಿಯು ವಿಶ್ವವಿದ್ಯಾಲಯ ಅಥವಾ ಸಂಶೋಧನಾ ಸಂಸ್ಥೆಯೊಂದಿಗೆ ಕೈಜೋಡಿಸುವುದು ಕಡ್ಡಾಯ. ಕೆಲಸದಲ್ಲಿ ಕನಿಷ್ಠ ಶೇ 40 ಕಂಪನಿಯದು, ಕನಿಷ್ಠ ಶೇ 30 ಸಂಸ್ಥೆಯದು. ಹನ್ನೊಂದು ಇಲಾಖೆ ಮತ್ತು ಸಂಸ್ಥೆಗಳು ಈ ವ್ಯವಸ್ಥೆಯಲ್ಲಿ ಪಾಲ್ಗೊಂಡವು. ರಕ್ಷಣಾ ಇಲಾಖೆಯದೇ ಸಿಂಹಪಾಲು. ಆರೋಗ್ಯ ಇಲಾಖೆಯದು ನಂತರದ ಸ್ಥಾನ. ಇಂಧನ ಇಲಾಖೆಯ ಗಂಟು ಇವೆರಡಕ್ಕಿಂತ ಬಹಳ ಚಿಕ್ಕದು.

ಮೂರು ಮೆಟ್ಟಿಲು

ಇಂಧನ ಇಲಾಖೆಯಲ್ಲಿ ಕೆಲಸ ಸಾಗುತ್ತಿದ್ದ ಕ್ರಮ ಹೀಗೆ. ಇಲಾಖೆಯ ವಿಭಾಗಗಳು ತಮಗೆ ಬೇಕಾದ ವಿಷಯಗಳ ಪಟ್ಟಿ ಪ್ರಕಟಿಸುತ್ತವೆ. ಅಣುಶಕ್ತಿ, ಕಲ್ಲಿದ್ದಲು ಮತ್ತು ಅನಿಲ, ನವೀಕರಿಸಬಹುದಾದ ಇಂಧನ, ವಿದ್ಯುತ್ ಜಾಲ, ಸಮ್ಮಿಲನ ಶಕ್ತಿ, ಮೂಲ ವಿಜ್ಞಾನ, ಹೀಗೆ ಪಟ್ಟಿ ಬೆಳೆಯುತ್ತದೆ. ವಿಷಯ ಬಹುತೇಕ ಬಲು ನಿಖರ. ‘ಸೌರಶಕ್ತಿಯಲ್ಲಿ ಏನಾದರೂ ಮಾಡಿ’ ಎಂದಲ್ಲ, ಇಂತಿಷ್ಟು ವೋಲ್ಟ್ ತಡೆಯುವ ಸಿಲಿಕಾನ್ ಕಾರ್ಬೈಡ್ ಸ್ವಿಚ್ ಬೇಕು ಎಂದು. ಆಸಕ್ತ ಕಂಪನಿ ಮೊದಲು ಉದ್ದೇಶಪತ್ರ ಸಲ್ಲಿಸಿ, ನಂತರ ಪೂರ್ಣ ಅರ್ಜಿ ಕಳಿಸಬೇಕು. ಹೊರಗಿನ ತಜ್ಞರು ಪರಿಶೀಲಿಸಿ ಅಂಕ ನೀಡುತ್ತಾರೆ.

ಮೊದಲ ಹಂತದ ಅವಧಿ ಆರು ತಿಂಗಳಿಂದ ಒಂದು ವರ್ಷ. ಈ ಹಂತದ ಮೊತ್ತ 1980ರ ದಶಕದಲ್ಲಿ 50 ಸಾವಿರ ಡಾಲರ್ ಆಸುಪಾಸಿನಲ್ಲಿತ್ತು, ಮುಂದೆ 1 ಲಕ್ಷವಾಗಿ, ಇತ್ತೀಚಿನ ವರ್ಷಗಳಲ್ಲಿ 2 ಲಕ್ಷ ದಾಟಿತು. ಕಲ್ಪನೆ ಕೈಗೂಡುವಂಥದ್ದೇ ಎಂದು ತೋರಿಸುವುದಷ್ಟೇ ಇಲ್ಲಿನ ಗುರಿ. ಎರಡನೇ ಹಂತಕ್ಕೆ ಮೊದಲ ಹಂತದಲ್ಲಿ ಗೆದ್ದವರಿಗೆ ಮಾತ್ರ ಪ್ರವೇಶ. ಎರಡು ವರ್ಷ, 10 ಲಕ್ಷ ಡಾಲರ್ ಮೀರಿದ ಮೊತ್ತ, ಕೈಯಲ್ಲಿ ಹಿಡಿದು ತೋರಿಸಬಹುದಾದ ಒಂದು ಮಾದರಿ. ಮೂರನೇ ಹಂತ ಮಾರುಕಟ್ಟೆ. ಅದಕ್ಕೆ ಈ ಯೋಜನೆಯ ಹಣ ಒಂದು ಕಾಸೂ ಇಲ್ಲ. ಅಲ್ಲಿಗೆ ಕಂಪನಿ ತನ್ನ ಕಾಲ ಮೇಲೆ ತಾನೇ ನಡೆದು ಹೋಗಬೇಕು.

ಅರ್ಹತೆಯ ನಿಯಮಗಳು ಕಟ್ಟುನಿಟ್ಟು. ಲಾಭಕ್ಕಾಗಿ ನಡೆಯುವ ಕಂಪನಿಯಾಗಿರಬೇಕು, ನೌಕರರು 500 ಮೀರಬಾರದು, ಕೆಲಸ ಅಮೆರಿಕದ ನೆಲದಲ್ಲೇ ನಡೆಯಬೇಕು. ಒಡೆತನದ ಅರ್ಧಕ್ಕಿಂತ ಹೆಚ್ಚು ಪಾಲು ಅಮೆರಿಕದ ನಾಗರಿಕರು ಅಥವಾ ಗ್ರೀನ್‌ಕಾರ್ಡ್ ಪಡೆದ ಖಾಯಂ ನಿವಾಸಿಗಳ ಕೈಯಲ್ಲಿರಬೇಕು. ಹಾಗೆಂದೇ ಎಚ್1ಬಿ ವೀಸಾದಲ್ಲಿರುವ ಕನ್ನಡಿಗ ಎಂಜಿನಿಯರ್ ಇಂತಹ ಕಂಪನಿಯಲ್ಲಿ ದುಡಿಯಬಹುದೇ ಹೊರತು ಅದರ ಬಹುಪಾಲು ಒಡೆಯನಾಗಿ ಅರ್ಜಿ ಹಾಕುವಂತಿಲ್ಲ.

ಪ್ರತಿಯಾಗಿ ಸಿಗುವ ಸ್ವಾತಂತ್ರ್ಯವೂ ದೊಡ್ಡದು. ಸರ್ಕಾರ ಷೇರು ಕೇಳುವುದಿಲ್ಲ. ಪೇಟೆಂಟ್ ಕಂಪನಿಯ ಹೆಸರಿನಲ್ಲೇ ಉಳಿಯುತ್ತದೆ. ಸಂಶೋಧನೆಯಲ್ಲಿ ಹೊರಬಂದ ತಾಂತ್ರಿಕ ವಿವರಗಳನ್ನು ಸರ್ಕಾರ ಹೊರಗೆಡಹುವಂತಿಲ್ಲ. ಈ ರಕ್ಷಣೆಯ ಅವಧಿಯನ್ನು 2019ರಲ್ಲಿ 20 ವರ್ಷಕ್ಕೆ ಹೆಚ್ಚಿಸಲಾಯಿತು. ಸೋತರೆ? ಸೋಲಿನ ವರದಿ ಬರೆದುಕೊಟ್ಟರೆ ಆಯಿತು, ಹಣ ಹಿಂದಿರುಗಿಸಬೇಕಿಲ್ಲ.

ಕೊಡುವವನೇ ಕೊಳ್ಳುವವನಲ್ಲ

ಇಂಧನ ಕ್ಷೇತ್ರದ ಪೇಚು ಶುರುವಾಗುವುದು ಇಲ್ಲಿಂದ. ರಕ್ಷಣಾ ಇಲಾಖೆ ಒಂದು ರೇಡಾರ್ ಬಿಡಿಭಾಗಕ್ಕೆ ಅನುದಾನ ಕೊಟ್ಟರೆ, ಅದು ಯಶಸ್ವಿಯಾದಾಗ ಕೊಳ್ಳುವ ಗಿರಾಕಿಯೂ ಅದೇ ಇಲಾಖೆ. ಕಾಯಿದೆಯಂತೆ ಟೆಂಡರಿನ ಗೋಜಿಲ್ಲದೆ ನೇರವಾಗಿ ಕೊಳ್ಳಲು ಅವಕಾಶವೂ ಇದೆ. ಇಂಧನ ಇಲಾಖೆ ಹಾಗಲ್ಲ. ತನ್ನ ರಾಷ್ಟ್ರೀಯ ಪ್ರಯೋಗಾಲಯಗಳಿಗೆ ಬೇಕಾದ ಉಪಕರಣಗಳನ್ನು ಬಿಟ್ಟರೆ ಅದು ದೊಡ್ಡ ಗಿರಾಕಿಯಲ್ಲ. ಬ್ಯಾಟರಿ ಕೊಳ್ಳಬೇಕಾದದ್ದು ಕಾರು ಕಂಪನಿ, ಟರ್ಬೈನ್ ಕೊಳ್ಳಬೇಕಾದದ್ದು ವಿದ್ಯುತ್ ಕಂಪನಿ. ಇವರೆಲ್ಲ ಹೊಸದನ್ನು ಕಂಡರೆ ಹಿಂಜರಿಯುವವರು. ಮೂವತ್ತು ವರ್ಷ ಕೆಟ್ಟುಹೋಗದೆ ಓಡಬೇಕಾದ ಯಂತ್ರಕ್ಕೆ ಹತ್ತು ಮಂದಿಯ ಕಂಪನಿಯ ಭರವಸೆ ಸಾಲುವುದಿಲ್ಲ.

ಇನ್ನೊಂದು ತೊಡಕು ಗಾತ್ರದ್ದು. ಸಾಫ್ಟ್‌ವೇರ್ ಆದರೆ ಮಾದರಿಯೇ ಸರಕು, ಪ್ರತಿ ತೆಗೆಯಲು ಖರ್ಚಿಲ್ಲ. ಆದರೆ ಪ್ರಯೋಗಾಲಯದ ಮೇಜಿನ ಮೇಲೆ ನಾಣ್ಯದಷ್ಟು ಗಾತ್ರದಲ್ಲಿ ಕೆಲಸ ಮಾಡಿದ ಬ್ಯಾಟರಿ ಕೋಶವನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ, ಒಂದೂ ಕೆಡದಂತೆ ತಯಾರಿಸಲು ಕಾರ್ಖಾನೆಯೇ ಬೇಕು. ಅದಕ್ಕೆ ಕೋಟಿಗಟ್ಟಲೆ ಡಾಲರ್ ಬೇಕು. ಎರಡನೇ ಹಂತದ ಅನುದಾನ ಮುಗಿದ ಜಾಗಕ್ಕೂ ಮೊದಲ ಕಾರ್ಖಾನೆಯ ಬಾಗಿಲಿಗೂ ನಡುವಿನ ಈ ಕಂದರವನ್ನು ಬಲ್ಲವರು ‘ಸಾವಿನ ಕಣಿವೆ’ ಎಂದು ಕರೆಯುತ್ತಾರೆ. ಹೆಸರು ಕೊಂಚ ನಾಟಕೀಯವಾದರೂ ಸುಳ್ಳಲ್ಲ.

ಎ123: ಒಂದು ಬ್ಯಾಟರಿಯ ಏರಿಳಿತ

ಈ ಕಣಿವೆಯ ಆಳ ತಿಳಿಯಲು ಎ123 ಸಿಸ್ಟಮ್ಸ್ ಕಂಪನಿಯ ಕಥೆಗಿಂತ ಒಳ್ಳೆಯ ನಿದರ್ಶನವಿಲ್ಲ. 2001ರಲ್ಲಿ ಎಂಐಟಿಯ ಪ್ರಾಧ್ಯಾಪಕ ಯೆಟ್-ಮಿಂಗ್ ಚಿಯಾಂಗ್ ಇನ್ನಿಬ್ಬರೊಡನೆ ಸೇರಿ ಮ್ಯಾಸಚೂಸೆಟ್ಸ್‌ನಲ್ಲಿ ಇದನ್ನು ಕಟ್ಟಿದರು. ಅವರ ಕೈಯಲ್ಲಿದ್ದ ವಸ್ತು ಲಿಥಿಯಂ ಕಬ್ಬಿಣ ಫಾಸ್ಫೇಟ್. 1990ರ ದಶಕದಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್ ಅವರ ತಂಡ ಗುರುತಿಸಿದ್ದ ಈ ವಸ್ತು ಅಗ್ಗ, ಸುಲಭವಾಗಿ ಬೆಂಕಿ ಹತ್ತದು. ಆದರೆ ವಿದ್ಯುತ್ತನ್ನು ಸರಾಗವಾಗಿ ಹರಿಯಗೊಡದು ಎಂಬುದೇ ಅದರ ಕೊರತೆ. ಕಣಗಳನ್ನು ಅತಿ ಸೂಕ್ಷ್ಮಗೊಳಿಸಿ, ಬೇರೆ ಲೋಹದ ಅಂಶವನ್ನು ಕಿಂಚಿತ್ತು ಬೆರೆಸಿ ಆ ಕೊರತೆ ನೀಗಿಸಬಹುದು ಎಂಬುದು ಚಿಯಾಂಗ್ ಅವರ ವಾದ. ಅದರ ವೈಜ್ಞಾನಿಕ ವಿವರಣೆ ಬಗ್ಗೆ ತಜ್ಞರಲ್ಲಿ ತಕರಾರು ಎದ್ದರೂ ಬ್ಯಾಟರಿ ಮಾತ್ರ ಕೆಲಸ ಮಾಡಿತು.

ಆರಂಭದ ವರ್ಷಗಳಲ್ಲಿ ಕಂಪನಿಗೆ ಇಂಧನ ಇಲಾಖೆಯ ಎಸ್‌ಬಿಐಆರ್ ಅನುದಾನವಾಗಿ ಸಿಕ್ಕಿದ್ದು ಸುಮಾರು 1 ಲಕ್ಷ ಡಾಲರ್. ಹಿಂದೆಯೇ ಖಾಸಗಿ ಹೂಡಿಕೆ ಹರಿದುಬಂತು. ವಿದ್ಯುತ್ ಡ್ರಿಲ್‌ನಂತಹ ಕೈಯಂತ್ರಗಳಲ್ಲಿ ಅದರ ಬ್ಯಾಟರಿ ಹೆಸರು ಮಾಡಿತು. 2009ರ ಆಗಸ್ಟ್‌ನಲ್ಲಿ, ಆರ್ಥಿಕ ಹಿಂಜರಿತದ ಪರಿಹಾರ ನಿಧಿಯಿಂದ ಮಿಷಿಗನ್‌ನಲ್ಲಿ ಕಾರ್ಖಾನೆ ಕಟ್ಟಲು 24.9 ಕೋಟಿ ಡಾಲರ್ ಅನುದಾನ ಮಂಜೂರಾಯಿತು. ಇದು ಎಸ್‌ಬಿಐಆರ್ ಹಣವಲ್ಲ, ಬೇರೆಯೇ ಬಾಬತ್ತು. ಮುಂದಿನ ತಿಂಗಳು ಕಂಪನಿ ಷೇರು ಮಾರುಕಟ್ಟೆ ಪ್ರವೇಶಿಸಿದಾಗ ಮೊದಲ ದಿನವೇ ಬೆಲೆ ಶೇ 50ರಷ್ಟು ಜಿಗಿಯಿತು.

ನಂತರ ನಡೆದದ್ದು ಇಳಿಜಾರು. ನಿರೀಕ್ಷಿಸಿದಷ್ಟು ವಿದ್ಯುತ್ ಕಾರುಗಳು ಅಮೆರಿಕದ ರಸ್ತೆಗೆ ಬರಲಿಲ್ಲ. 2012ರ ಮಾರ್ಚ್‌ನಲ್ಲಿ ಫಿಸ್ಕರ್ ಕಂಪನಿಯ ಕಾರುಗಳಿಗೆ ಪೂರೈಸಿದ್ದ ಬ್ಯಾಟರಿಗಳಲ್ಲಿ ತಯಾರಿಕೆಯ ದೋಷ ಕಂಡುಬಂದು, ಬದಲಿಸಿಕೊಡಲು ಸುಮಾರು 5.5 ಕೋಟಿ ಡಾಲರ್ ವೆಚ್ಚದ ಅಂದಾಜು ಪ್ರಕಟವಾಯಿತು. ಗಮನಿಸಬೇಕಾದದ್ದೆಂದರೆ, ಸೋತಿದ್ದು ರಸಾಯನವಿಜ್ಞಾನವಲ್ಲ, ಕಾರ್ಖಾನೆ. ಅದೇ ಅಕ್ಟೋಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. ಡಿಸೆಂಬರಿನ ಹರಾಜಿನಲ್ಲಿ ಚೀನಾದ ಬಿಡಿಭಾಗ ತಯಾರಕ ವಾನ್‌ಶಿಯಾಂಗ್ ಸಮೂಹ ಅದರ ಬಹುಭಾಗವನ್ನು ಸುಮಾರು 25.6 ಕೋಟಿ ಡಾಲರ್‌ಗೆ ಕೊಂಡಿತು. ಅಮೆರಿಕ ಸರ್ಕಾರದ ರಕ್ಷಣಾ ಸಂಬಂಧಿ ಕೆಲಸದ ಭಾಗವನ್ನು ಮಾತ್ರ ಬೇರ್ಪಡಿಸಿ ಅಮೆರಿಕದ ಕಂಪನಿಗೆ ಮಾರಲಾಯಿತು.

ಅಮೆರಿಕದ ತೆರಿಗೆದಾರ ಬಿತ್ತಿದ, ಬೆಳೆ ಇನ್ನೊಬ್ಬರ ಕಣಜ ಸೇರಿತು ಎಂದು ಅಂದು ವಾಷಿಂಗ್ಟನ್‌ನಲ್ಲಿ ಸಂಸದರು ಕಿಡಿಕಾರಿದ್ದುಂಟು. ಲಿಥಿಯಂ ಕಬ್ಬಿಣ ಫಾಸ್ಫೇಟ್ ಮುಂದೆ ಚೀನಾದ ಕಾರ್ಖಾನೆಗಳಲ್ಲಿ ಬೃಹತ್ತಾಗಿ ಬೆಳೆಯಿತು. 2024ರ ಹೊತ್ತಿಗೆ ಜಗತ್ತಿನ ವಿದ್ಯುತ್ ಕಾರುಗಳ ಬ್ಯಾಟರಿ ಸಾಮರ್ಥ್ಯದಲ್ಲಿ ಅದರ ಪಾಲು ಹೆಚ್ಚುಕಡಿಮೆ ಅರ್ಧ. ಇದನ್ನು ಎ123 ಒಂದರ ಮಾರಾಟದ ಫಲವೆನ್ನುವುದು ಅತಿಶಯೋಕ್ತಿ. ಚೀನಾದ ಕಂಪನಿಗಳು ತಮ್ಮದೇ ದಾರಿಯಲ್ಲಿ ಆ ವಸ್ತುವಿನ ಮೇಲೆ ಮೊದಲೇ ದುಡಿಯುತ್ತಿದ್ದವು. ಆದರೆ ಅಲ್ಲಿ ಗಿರಾಕಿಯನ್ನೂ ಸರ್ಕಾರವೇ ಸೃಷ್ಟಿಸಿತ್ತು, ಬಸ್ಸು ಕಾರುಗಳಿಗೆ ಸಹಾಯಧನ ಸುರಿದಿತ್ತು ಎಂಬುದನ್ನು ಮರೆಯಲಾಗದು.

2011ರಲ್ಲಿ ದಿವಾಳಿಯಾದ ಸೋಲಿಂಡ್ರಾ ಹೆಸರು ಇಂತಹ ಚರ್ಚೆಗಳಲ್ಲಿ ತಪ್ಪದೆ ಬರುತ್ತದೆ. ಆ ಸೌರಫಲಕ ಕಂಪನಿಗೆ ಸಿಕ್ಕಿದ್ದು 53.5 ಕೋಟಿ ಡಾಲರ್‌ಗಳ ಸರ್ಕಾರಿ ಖಾತರಿಯ ಸಾಲ. ಅದನ್ನು ಸಣ್ಣ ಉದ್ಯಮ ಸಂಶೋಧನೆಯ ಖಾತೆಗೆ ಬರೆಯುವುದು ತಪ್ಪು.

ಸದ್ದಿಲ್ಲದೆ ಗೆದ್ದವರು

ಪತ್ರಿಕೆಗಳ ಮುಖಪುಟಕ್ಕೆ ಬಾರದ ಕಂಪನಿಗಳ ದಾರಿ ಬೇರೆ. ಕನೆಕ್ಟಿಕಟ್‌ನ ಪ್ರೋಟಾನ್ ಎನರ್ಜಿ 1996ರಲ್ಲಿ ಶುರುವಾಗಿ, ಪೊರೆಯ ನೆರವಿನಿಂದ ನೀರನ್ನು ಒಡೆದು ಜಲಜನಕ ತೆಗೆಯುವ ಎಲೆಕ್ಟ್ರೊಲೈಸರ್‌ಗಳನ್ನು ತಯಾರಿಸುತ್ತಿತ್ತು. ಮ್ಯಾಸಚೂಸೆಟ್ಸ್‌ನ ಗೈನರ್ ಕಂಪನಿ 1973ರಿಂದ ಅದೇ ಕಸುಬಿನಲ್ಲಿತ್ತು. ಎರಡೂ ಇಂಧನ ಇಲಾಖೆಯ ಸಣ್ಣ ಅನುದಾನಗಳನ್ನು ವರ್ಷಾನುವರ್ಷ ಬಳಸಿಕೊಂಡು ಪೊರೆ, ವೇಗವರ್ಧಕ, ಒತ್ತಡ ಎಂದು ಒಂದೊಂದೇ ಭಾಗವನ್ನು ಸುಧಾರಿಸುತ್ತ ಹೋದವು. ಅಗ್ಗದ ನೈಸರ್ಗಿಕ ಅನಿಲದ ಎದುರು ಇವರ ಜಲಜನಕಕ್ಕೆ ದೊಡ್ಡ ಮಾರುಕಟ್ಟೆ ಇರಲಿಲ್ಲ. ಪ್ರಯೋಗಾಲಯ, ವಿದ್ಯುತ್ ಸ್ಥಾವರದಂತಹ ಸಣ್ಣ ಗಿರಾಕಿಗಳನ್ನು ನೆಚ್ಚಿಕೊಂಡೇ ಬದುಕಿದರು. ಹಸಿರು ಜಲಜನಕದ ಮಾತು ಜಗತ್ತಿನಲ್ಲಿ ಬಿಸಿಯೇರಿದಾಗ ಇವರ ಅನುಭವಕ್ಕೆ ಬೆಲೆ ಬಂತು. ಪ್ರೋಟಾನನ್ನು 2017ರಲ್ಲಿ ನಾರ್ವೆಯ ನೆಲ್ ಕೊಂಡಿತು. ಗೈನರ್‌ನ ಎಲೆಕ್ಟ್ರೊಲೈಸರ್ ವಿಭಾಗವನ್ನು 2020ರಲ್ಲಿ ಅಮೆರಿಕದ್ದೇ ಆದ ಪ್ಲಗ್ ಪವರ್ ತನ್ನದಾಗಿಸಿಕೊಂಡಿತು.

ಸಿಲಿಕಾನ್ ಕಾರ್ಬೈಡ್ ಸಾಧನಗಳನ್ನು ರೂಪಿಸಿದ ವರ್ಜೀನಿಯಾದ ಜೀನ್‌ಸಿಕ್ ಸೆಮಿಕಂಡಕ್ಟರ್ ಕೂಡ ಇಂತಹ ಅನುದಾನಗಳ ಆಸರೆಯಲ್ಲಿ ಬೆಳೆದದ್ದು. ಅತಿ ಹೆಚ್ಚು ವೋಲ್ಟೇಜಿನ ವಿದ್ಯುತ್ ಸ್ವಿಚ್‌ಗಳಿಂದ ಆರಂಭಿಸಿದ ಅದನ್ನು 2022ರಲ್ಲಿ ನ್ಯಾವಿಟಾಸ್ ಸೆಮಿಕಂಡಕ್ಟರ್ ಕೊಂಡಿತು. ಈ ಮೂರೂ ಕಂಪನಿಗಳಲ್ಲಿ ಕಾಣುವ ಸಂಗತಿ ಒಂದೇ. ಅವು ಸ್ವತಃ ದೈತ್ಯರಾಗಲಿಲ್ಲ, ದೊಡ್ಡವರ ಕೈಸೇರಿದವು. ಇದನ್ನು ಸೋಲೆನ್ನಲು ಬಾರದು. ಇಪ್ಪತ್ತು ವರ್ಷ ಒಂದು ವಿದ್ಯೆಯನ್ನು ಉಸಿರಾಡಿಸಿಕೊಂಡು ಉಳಿಸಿದ್ದೇ ಅನುದಾನದ ನಿಜವಾದ ಗಳಿಕೆ.

ಲೆಕ್ಕ ಹೇಳುವುದೇನು?

ಅನುದಾನ ಸಿಕ್ಕ ಕಂಪನಿಗಳು ಚೆನ್ನಾಗಿ ಬೆಳೆದವು ಎಂದಾಕ್ಷಣ ಅದು ಅನುದಾನದ ಫಲ ಎನ್ನಲಾಗದು. ಚೆನ್ನಾಗಿ ಬೆಳೆಯುವಂಥವೇ ಆಯ್ಕೆಯಾಗಿರಬಹುದಲ್ಲ? ಈ ಗಂಟನ್ನು ಬಿಡಿಸಿದವರು ಅರ್ಥಶಾಸ್ತ್ರಜ್ಞೆ ಸಬ್ರೀನಾ ಹೊವೆಲ್. ಇಂಧನ ಇಲಾಖೆ ಪ್ರತಿ ವಿಷಯದ ಅರ್ಜಿದಾರರಿಗೆ ರ‍್ಯಾಂಕ್ ಕೊಟ್ಟು ಇಡುತ್ತಿತ್ತು. ಸಿಇಟಿಯಲ್ಲಿ ಕೊನೆಯ ಸೀಟು ಪಡೆದವನಿಗೂ ಒಂದು ರ‍್ಯಾಂಕಿನಲ್ಲಿ ತಪ್ಪಿಸಿಕೊಂಡವನಿಗೂ ಬುದ್ಧಿವಂತಿಕೆಯಲ್ಲಿ ಹೇಳಿಕೊಳ್ಳುವ ಅಂತರವಿರುವುದಿಲ್ಲ. ಹಾಗೆಯೇ ಗೆರೆಯ ಆಚೀಚೆ ನಿಂತ ಕಂಪನಿಗಳನ್ನು ಹೋಲಿಸಿ ಅವರು 2017ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ಹಂತದ ಅನುದಾನ ಪಡೆದ ಕಂಪನಿಗೆ ಮುಂದೆ ವೆಂಚರ್ ಕ್ಯಾಪಿಟಲ್ ಸಿಗುವ ಸಾಧ್ಯತೆ ಹೆಚ್ಚುಕಡಿಮೆ ದುಪ್ಪಟ್ಟಾಗಿತ್ತು. ಪೇಟೆಂಟ್, ಆದಾಯ ಎರಡೂ ಏರಿದ್ದವು. ಹಣದ ಮುಗ್ಗಟ್ಟಿನಲ್ಲಿದ್ದ ಕಂಪನಿಗಳಿಗೆ ಲಾಭ ಇನ್ನೂ ಹೆಚ್ಚು.

ಕುತೂಹಲದ ಅಂಶ ಎರಡು. ‘ಸರ್ಕಾರವೇ ಮೆಚ್ಚಿದೆ’ ಎಂಬ ಮುದ್ರೆಯಿಂದ ಹೂಡಿಕೆದಾರ ಬಂದದ್ದಲ್ಲ, ಆ ಹಣದಲ್ಲಿ ಮಾದರಿ ಕಟ್ಟಿ ತೋರಿಸಿದ್ದರಿಂದ ಬಂದ. ಎರಡನೆಯದು, ಹಲವು ಪಟ್ಟು ದೊಡ್ಡದಾದ ಎರಡನೇ ಹಂತದ ಅನುದಾನಕ್ಕೆ ಅಂತಹ ಪರಿಣಾಮವೇ ಕಾಣಲಿಲ್ಲ. ಮೊದಲ ಹಂತದಲ್ಲಿ ಗೆದ್ದವರಲ್ಲಿ ಗಣನೀಯ ಪಾಲು ಎರಡನೆಯದಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ. ಖಾಸಗಿ ಬಂಡವಾಳ ಸಿಕ್ಕವರಲ್ಲಿ ಹಲವರಿಗೆ ಅದು ಬೇಕಾಗಿರಲೂ ಇಲ್ಲ.

ಅರ್ಜಿ ಹಾಕುತ್ತಲೇ ಬದುಕುವ ಮತ್ತೊಂದು ಬಗೆಯ ಕಂಪನಿಗಳಿವೆ. ಸರಕು ಮಾರುವ ಉಸಾಬರಿಗೆ ಹೋಗದೆ ಅನುದಾನದ ಮೇಲೆ ಅನುದಾನ ಗಿಟ್ಟಿಸುವ ಇವುಗಳಿಗೆ ಅಮೆರಿಕದಲ್ಲಿ ‘ಎಸ್‌ಬಿಐಆರ್ ಗಿರಣಿ’ ಎಂಬ ಅಡ್ಡಹೆಸರಿದೆ. ಹಾರ್ವರ್ಡ್‌ನ ಜೋಶ್ ಲರ್ನರ್ 1999ರಲ್ಲೇ ತಮ್ಮ ಅಧ್ಯಯನದಲ್ಲಿ, ಹಲವು ಅನುದಾನ ಪಡೆದವರು ಒಂದೆರಡು ಪಡೆದವರಿಗಿಂತ ಹೆಚ್ಚೇನೂ ಬೆಳೆಯಲಿಲ್ಲ ಎಂದು ತೋರಿಸಿದ್ದರು. ಅನುದಾನದಿಂದ ಬೆಳವಣಿಗೆ ಕಂಡದ್ದೂ ವೆಂಚರ್ ಕ್ಯಾಪಿಟಲ್ ಮೊದಲೇ ಬೀಡುಬಿಟ್ಟಿದ್ದ ಪ್ರದೇಶಗಳಲ್ಲಿ ಮಾತ್ರ. ಅನುದಾನಗಳ ದೊಡ್ಡ ಪಾಲು ಕ್ಯಾಲಿಫೋರ್ನಿಯಾ ಮತ್ತು ಮ್ಯಾಸಚೂಸೆಟ್ಸ್‌ಗಳಿಗೆ ಹೋಗುತ್ತದೆ ಎಂಬ ಹಳೆಯ ಕೊರಗಿಗೂ ಇದಕ್ಕೂ ನಂಟಿದೆ. ಹಾಗೆಂದು ಗಿರಣಿಗಳನ್ನೆಲ್ಲ ಒಂದೇ ಏಟಿಗೆ ತಳ್ಳಿಹಾಕುವುದೂ ಸರಿಯಲ್ಲ. ಗೈನರ್‌ನಂತಹ ಕಂಪನಿಯನ್ನು ಅದರ ಮೂವತ್ತನೆಯ ವರ್ಷದಲ್ಲಿ ಯಾರಾದರೂ ತೂಗಿದ್ದರೆ ಅದೂ ಅನುದಾನಜೀವಿ ಎಂದೇ ಕಾಣುತ್ತಿತ್ತೇನೋ.

ಅವಧಿ ಮುಗಿದ ಕಾಯಿದೆ

ಎಸ್‌ಬಿಐಆರ್ ಎಂದೂ ಖಾಯಂ ಯೋಜನೆಯಾಗಿರಲಿಲ್ಲ, ಅಮೆರಿಕದ ಸಂಸತ್ತು ಆಗಾಗ ನವೀಕರಿಸುತ್ತ ಬಂದಿತ್ತು. 2022ರ ಸೆಪ್ಟೆಂಬರ್ 30ರಂದು ಅವಧಿ ಮುಗಿಯುವ ದಿನವೇ ಮೂರು ವರ್ಷಗಳ ವಿಸ್ತರಣೆ ಸಿಕ್ಕಿತು. ಎ123 ಪ್ರಕರಣದ ನೆರಳು ಆ ಕಾಯಿದೆಯ ಮೇಲೂ ಕಾಣುತ್ತದೆ: ಚೀನಾ, ರಷ್ಯಾ, ಇರಾನ್, ಉತ್ತರ ಕೊರಿಯಾಗಳೊಂದಿಗೆ ಅರ್ಜಿದಾರ ಕಂಪನಿಗೆ ನಂಟಿದೆಯೇ ಎಂದು ಪ್ರತಿ ಇಲಾಖೆಯೂ ಜಾಲಾಡಬೇಕಾಯಿತು. ಮುಂದಿನ ಗಡುವು 2025ರ ಸೆಪ್ಟೆಂಬರ್ 30. ಸೆನೆಟ್‌ನ ಸಣ್ಣ ಉದ್ಯಮ ಸಮಿತಿಯ ಅಧ್ಯಕ್ಷೆ ಜೋನಿ ಅರ್ನ್ಸ್ಟ್ ಒಂದು ಕಂಪನಿ ಪಡೆಯಬಹುದಾದ ಒಟ್ಟು ಅನುದಾನಕ್ಕೆ ಮಿತಿ ಹಾಕಬೇಕೆಂದು ಪಟ್ಟು ಹಿಡಿದರು. ವಿರೋಧ ಪಕ್ಷದ ಎಡ್ ಮಾರ್ಕಿ ಯೋಜನೆಯನ್ನು ಖಾಯಂಗೊಳಿಸಿ ಪಾಲನ್ನು ಹೆಚ್ಚಿಸಬೇಕೆಂದರು. ಗಡುವಿನ ದಿನ ಕಳೆದಾಗ ಎರಡು ಮಸೂದೆಗಳಲ್ಲಿ ಒಂದೂ ಅಂಗೀಕಾರವಾಗಿರಲಿಲ್ಲ. 43 ವರ್ಷ ನಡೆದುಬಂದ ಯೋಜನೆಯ ಕಾಯಿದೆಬಲ ಅಂದು ಕಳಚಿತು, ಹೊಸ ಅನುದಾನಗಳ ಕೆಲಸ ನಿಂತಿತು.

ಭಾರತಕ್ಕೆ ಬಂದ ಹೆಸರು

ಈ ಮಾದರಿ ಹಲವು ದೇಶಗಳಿಗೆ ಹಬ್ಬಿದೆ. ಜಪಾನ್ 1999ರಲ್ಲಿ ಅದೇ ಹೆಸರಿನ ಯೋಜನೆ ತಂದಿತು. ಭಾರತದ ಜೈವಿಕ ತಂತ್ರಜ್ಞಾನ ಇಲಾಖೆ 2005ರಲ್ಲಿ ಆರಂಭಿಸಿದ ಎಸ್‌ಬಿಐಆರ್‌ಐ ಹೆಸರಿನಲ್ಲೂ ಅದರ ಛಾಪು ಸ್ಪಷ್ಟ. 2012ರಲ್ಲಿ ಸ್ಥಾಪನೆಯಾದ ಬೈರಾಕ್ ಸಂಸ್ಥೆಯ ‘ಬಿಗ್’ ಅನುದಾನವು ಹೊಸ ಕಲ್ಪನೆಗೆ 50 ಲಕ್ಷ ರೂಪಾಯಿವರೆಗೆ ನೀಡುವ ವ್ಯವಸ್ಥೆ. ಬೆಂಗಳೂರಿನ ಸಿ-ಕ್ಯಾಂಪ್ ಅದರ ಪಾಲುದಾರ ಕೇಂದ್ರಗಳಲ್ಲಿ ಒಂದು. ಎರಡೂ ಜೈವಿಕ ತಂತ್ರಜ್ಞಾನದ ಬೇಲಿಯೊಳಗಿನವು.

ಇಂಧನದ ಬೇಲಿಯ ಕಡೆ ಚಿತ್ರ ಬೇರೆ. ಕೇಂದ್ರ ಸಂಪುಟ 2025ರ ಜುಲೈ 1ರಂದು ಒಪ್ಪಿಗೆ ನೀಡಿದ 1 ಲಕ್ಷ ಕೋಟಿ ರೂಪಾಯಿಗಳ ಸಂಶೋಧನೆ ಮತ್ತು ನಾವೀನ್ಯ ನಿಧಿಯ ವ್ಯಾಪ್ತಿಯಲ್ಲಿ ಇಂಧನವೂ ಇದೆ. ಆದರೆ ಅದು ಮುಖ್ಯವಾಗಿ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ ಮತ್ತು ಬಂಡವಾಳದ ರೂಪದ್ದು, ಪ್ರಯೋಗಾಲಯದ ಹಂತವನ್ನು ಈಗಾಗಲೇ ದಾಟಿದ ತಂತ್ರಜ್ಞಾನಗಳಿಗೆ ಮೀಸಲಾದದ್ದು. ಅಂದರೆ ಎಸ್‌ಬಿಐಆರ್ ಕೈಬಿಟ್ಟ ಕಣಿವೆಯ ಅಂಚಿನಿಂದ ಅದು ಶುರುವಾಗುತ್ತದೆ. ಕಣಿವೆಗೆ ಸೇತುವೆ ಬೇಕೆಂಬುದು ಎ123 ಕಥೆಯ ಪಾಠವಾದರೆ, ಆರು ತಿಂಗಳ ಮೊದಲ ಪುಟ್ಟ ಅನುದಾನವೇ ಹೆಚ್ಚು ಫಲ ಕೊಡುತ್ತದೆ ಎಂಬುದು ಹೊವೆಲ್ ಅವರ ಲೆಕ್ಕ. ಆ ಮೊದಲ ಮೆಟ್ಟಿಲಿನಲ್ಲಿ ನಿಂತ ಭಾರತದ ಬ್ಯಾಟರಿ ಸಂಶೋಧಕನ ಮುಂದಿರುವ ಬಾಗಿಲುಗಳಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನಿಧಿ-ಪ್ರಯಾಸ್ ಒಂದು. ಮಾದರಿ ಕಟ್ಟಲು ಅದು ನೀಡುವ ಮೊತ್ತದ ಮಿತಿ 10 ಲಕ್ಷ ರೂಪಾಯಿ.